ನಾಬೋತನ ದ್ರಾಕ್ಷಿತೋಟ ಮತ್ತು ಭೂಸ್ವಾಧೀನ

ನಾಬೋತನ ವೃತ್ತಾಂತವನ್ನು (೧ ಅರಸು ೨೧) ಓದುವಾಗ ನಾವು ಸಾಮಾನ್ಯವಾಗಿ ಒಂದು ವಿವರವನ್ನು ಗಮನಿಸುವುದಿಲ್ಲ. ಅರಸ ಆಹಾಬನು ಅರಮನೆಯ ಪಕ್ಕದ ತೋಟವನ್ನು ಮೊದಲು ಬಿಟ್ಟಿಯಾಗಿ ಕೇಳಲಿಲ್ಲ; ಅದಕ್ಕಿಂತ ಉತ್ತಮವಾದ ತೋಟವನ್ನೋ ತಕ್ಕ ಹಣವನ್ನೋ ಕೊಡುವೆನೆಂದನು. ಇಂದಿನ ಮಾತಿನಲ್ಲಿ ಹೇಳುವುದಾದರೆ ಪರಿಹಾರ ಉದಾರವಾಗಿಯೇ ಇತ್ತು. ನಾಬೋತನು ಒಲ್ಲೆನೆಂದದ್ದು ಬೆಲೆ ಸಾಲದೆಂದಲ್ಲ. ಅದು ಪಿತೃಗಳಿಂದ ಬಂದ ಸ್ವಾಸ್ತ್ಯ. ಭೂಮಿಯು ದೇವರದೇ ಆಗಿರಲು (ಯಾಜಕಕಾಂಡ ೨೫:೨೩) ತನ್ನ ಕುಲಕ್ಕೆ ಒಪ್ಪಿಸಲ್ಪಟ್ಟ ಪಾಲು. ಆಮೇಲೆ ನಡೆದ ಕೊಲೆಗೂ ಕಾನೂನಿನ ರೂಪವಿತ್ತು: ಅರಸನ ಮುದ್ರೆ, ಊರ ಹಿರಿಯರ ಸಭೆ, ಇಬ್ಬರು ಸಾಕ್ಷಿಗಳು.

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯೂ ಒಂದು ಆಧುನಿಕ ಅರಮನೆಯ, ಅಂದರೆ ವಿಮಾನ ನಿಲ್ದಾಣದ, ನೆರೆಯಲ್ಲಿದೆ. ರಾಗಿ, ತರಕಾರಿ, ದ್ರಾಕ್ಷಿ (ಹೌದು, ದ್ರಾಕ್ಷಿಯೇ) ಬೆಳೆಯುವ ಅಲ್ಲಿನ ೧೩ ಹಳ್ಳಿಗಳ ೧,೭೭೭ ಎಕರೆಯನ್ನು ಕೈಗಾರಿಕೆಗಾಗಿ ಸ್ವಾಧೀನಪಡಿಸಿಕೊಳ್ಳಲು ಸರ್ಕಾರ ಮುಂದಾಯಿತು. ರೈತರು ೨೦೨೨ರ ಏಪ್ರಿಲ್‌ನಿಂದ ಧರಣಿ ಕುಳಿತರು. ೨೦೨೫ರ ಜುಲೈ ೧೫ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಆ ಸ್ವಾಧೀನವನ್ನು ಕೈಬಿಟ್ಟಿರುವುದಾಗಿ ಪ್ರಕಟಿಸಿದರು.

ಇಲ್ಲಿ ಬಳಕೆಯಾದದ್ದು ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಅಧಿನಿಯಮ, ೧೯೬೬. ನೋಟಿಸು ತಲುಪಿದ ಮೇಲೆ ಮಾಲೀಕನಿಗೆ ಆಕ್ಷೇಪಣೆ ಸಲ್ಲಿಸಲು ಅವಕಾಶವಿದೆ. ಸಾಮಾಜಿಕ ಪರಿಣಾಮದ ಅಧ್ಯಯನವನ್ನು ಅದು ಕಡ್ಡಾಯಗೊಳಿಸುವುದಿಲ್ಲ. ೨೦೧೩ರ ಕೇಂದ್ರ ಕಾಯ್ದೆಯಾದರೋ ಅಂಥ ಅಧ್ಯಯನವನ್ನೂ, ಖಾಸಗಿ ಕಂಪನಿಗಳಿಗಾಗಿ ಸ್ವಾಧೀನವಾದಲ್ಲಿ ಶೇ. ೮೦ರಷ್ಟು ಬಾಧಿತ ಕುಟುಂಬಗಳ ಒಪ್ಪಿಗೆಯನ್ನೂ ಬಯಸುತ್ತದೆ. ಅದಕ್ಕಿಂತ ಮುಖ್ಯವಾದುದು, 'ಬಾಧಿತ ಕುಟುಂಬ' ಎಂಬ ಪದದಲ್ಲಿ ಅದು ಗೇಣಿದಾರರನ್ನೂ ಕೃಷಿಕೂಲಿಗಳನ್ನೂ ಸೇರಿಸಿದೆ. ಪಹಣಿಯಲ್ಲಿ ಹೆಸರಿಲ್ಲದ ಕೂಲಿಯವಳು ಕಳೆ ಕೀಳುವ ಹೊಲವನ್ನು ಕಳೆದುಕೊಂಡಾಗ ಆಕೆಗೆ ಬರುವ ಚೆಕ್ಕು ಯಾವುದು?

ಎದುರು ವಾದವನ್ನು ನಾವು ಹಗುರವಾಗಿ ತಳ್ಳಲಾಗದು. ಐಹಿಕ ಸಂಪತ್ತು ಸಮಸ್ತ ಮಾನವರಿಗಾಗಿ ಇದೆಯೆಂದು ಎರಡನೆಯ ವ್ಯಾಟಿಕನ್ ಮಹಾಸಭೆಯೇ ಬೋಧಿಸಿತು. ಖಾಸಗಿ ಒಡೆತನ ನಮ್ಮ ಧರ್ಮಸಭೆಗೆ ಎಂದೂ ಪರಮವಾಗಿರಲಿಲ್ಲ. ಆದುದರಿಂದ ಸಾರ್ವಜನಿಕ ಹಿತಕ್ಕಾಗಿ ಸರ್ಕಾರ ಭೂಮಿ ಪಡೆಯುವುದೇ ಪಾಪವೆನ್ನುವಂತಿಲ್ಲ. ಆದರೆ ಅದೇ ಬೋಧನೆ ಉಳ್ಳವನಿಗಿಂತ ಮೊದಲು ಇಲ್ಲದವನ ಪರವಾಗಿ ಮಾತಾಡುತ್ತದೆ. ಯೋಜನೆ ಸಿದ್ಧವಾದ ಮೇಲೆ ಪರಿಣಾಮವನ್ನು ಅಳೆಯುವುದಲ್ಲ, ಮೊದಲೇ ಅಳೆಯಬೇಕು, ಸ್ಥಳೀಯ ಜನರಿಗೆ ಆ ಚರ್ಚೆಯಲ್ಲಿ ವಿಶೇಷ ಸ್ಥಾನವಿರಬೇಕು ಎಂದು ಫ್ರಾನ್ಸಿಸ್ ಜಗದ್ಗುರುಗಳ ೨೦೧೫ರ ವಿಶ್ವಪತ್ರ 'ಲೌದಾತೋ ಸಿ' (೧೮೩) ಸ್ಪಷ್ಟಪಡಿಸಿದೆ.

ದೇವನಹಳ್ಳಿಯ ಪ್ರಕಟಣೆಯಲ್ಲಿ ಇನ್ನೊಂದು ಮಾತೂ ಇತ್ತು: ಇಷ್ಟಪಟ್ಟು ಕೊಡುವವರಿಂದ ಸರ್ಕಾರ ಭೂಮಿಯನ್ನು ಕೊಳ್ಳಲಿದೆ. ನೀತಿಶಾಸ್ತ್ರದ ಕೆಲಸ ಇಲ್ಲಿಂದಲೇ ಆರಂಭವಾಗುತ್ತದೆ. ತಿಳಿವಳಿಕೆಯೂ ಭಯವಿಲ್ಲದ ಸ್ವಾತಂತ್ರ್ಯವೂ ಇಲ್ಲದ ಕಡೆ ಸಮ್ಮತಿಯು ಪೂರ್ಣವಲ್ಲವೆಂದು ವಿವಾಹ ಸಂಸ್ಕಾರದ ಕುರಿತು ಬೋಧಿಸುವ ನಾವು, ಸಾಲದಲ್ಲಿ ಮುಳುಗಿದ ಎರಡು ಎಕರೆಯ ಒಡೆಯನ ಸಹಿಯ ಕುರಿತೂ ಅದೇ ಪ್ರಶ್ನೆಯನ್ನು ಕೇಳಬೇಕಾಗಿದೆ.