ಕಟ್ಟಿದವರು ಎದ್ದು ಹೋಗುವ ಮುನ್ನ

2003ರ ಡಿಸೆಂಬರ್‌ನಲ್ಲಿ ನೆಟ್‌ಹ್ಯಾಕ್ ಎಂಬ ಕಂಪ್ಯೂಟರ್ ಆಟದ 3.4.3ನೇ ಆವೃತ್ತಿ ಹೊರಬಂತು. ಆಮೇಲೆ ಹನ್ನೆರಡು ವರ್ಷ ಅದನ್ನು ಕಟ್ಟಿದ ತಂಡದಿಂದ ಹೊಸ ಆವೃತ್ತಿಯೊಂದೂ ಬರಲಿಲ್ಲ. ಆಟ ಮುಗಿದೇಹೋಯಿತು ಎಂದುಕೊಂಡವರು ಬಹಳ ಮಂದಿ. ಆದರೆ ಅದರ ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಮರುಗಳು ಬರೆದ ಮೂಲ ಸಾಲುಗಳು, ಎಲ್ಲರ ಕೈಯಲ್ಲೂ ಇತ್ತು. ಬಲ್ಲವರು ಅದನ್ನು ತಿದ್ದಿದರು, ಹೊಸ ಕವಲುಗಳನ್ನು ಬೆಳೆಸಿದರು, ಆಡುತ್ತಲೇ ಇದ್ದರು. 2015ರ ಡಿಸೆಂಬರ್‌ನಲ್ಲಿ ಮೂಲ ತಂಡ ಮತ್ತೆ ಎದ್ದು 3.6.0 ಹೊರತಂದಾಗ, ಆ ನಡುಗಾಲದಲ್ಲಿ ಅಭಿಮಾನಿಗಳು ಬರೆದ ಕೆಲವು ತಿದ್ದುಪಡಿಗಳೂ ಅದರೊಳಗೆ ಸೇರಿದ್ದವು.

ನೆಟ್‌ಹ್ಯಾಕ್ ಹುಟ್ಟಿದ್ದು 1987ರಲ್ಲಿ. ಅದಕ್ಕಿಂತ ಹಿಂದಿನ ಹ್ಯಾಕ್ ಎಂಬ ಆಟದ ಕೋಡನ್ನು ಬೇರೆ ಬೇರೆ ಊರುಗಳ ಪ್ರೋಗ್ರಾಮರುಗಳು ಯೂಸ್‌ನೆಟ್ ಜಾಲದ ಮೂಲಕ ಹಂಚಿಕೊಂಡು ಬೆಳೆಸಿದರು. ಸಂಬಳವಿಲ್ಲ, ಕಚೇರಿಯಿಲ್ಲ, ಕೆಲಸ ಮುಗಿದ ಮೇಲೆ ಉಳಿದ ಹೊತ್ತೇ ಬಂಡವಾಳ. ಹೀಗೆ ಸ್ವಯಂಸೇವಕರು ಕಟ್ಟುವ, ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಬಹುದಾದ ಪಾತ್ರಾಭಿನಯದ ಆಟಗಳು ಜಗತ್ತಿನ ತುಂಬ ಇವೆ. ಆಡುವವನು ಒಬ್ಬ ವೀರನೋ ಮಾಂತ್ರಿಕಳೋ ಆಗಿ ಕಥೆಯೊಳಗೆ ನಡೆದುಹೋಗುವ ಇವನ್ನು ಇಂಗ್ಲಿಷಿನ ಮೂರಕ್ಷರದಲ್ಲಿ ಆರ್‌ಪಿಜಿ ಎನ್ನುವುದು ವಾಡಿಕೆ.

ಶಿಡ್ಲಘಟ್ಟ, ಚಿಂತಾಮಣಿ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳುವುದು ಸುಲಭ. ರೇಷ್ಮೆ ಹುಳು ಹಣ್ಣಾಗಿ, ಗೂಡು ಮಾರುಕಟ್ಟೆಗೆ ಹೋಗಿ, ಕೈ ಬಿಡುವಾದ ಮೇಲೆ ಊರವರು ಸಂಜೆ ಸೇರಿ ಕುರುಕ್ಷೇತ್ರ ನಾಟಕ ಕಲಿಯುತ್ತಾರಲ್ಲ, ಹಾಗೆ. ಪಾತ್ರ ಮಾಡುವವರೇ ದುಡ್ಡು ಹಾಕುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ತಿದ್ದುತ್ತಾರೆ. ನಾಟಕವಾದ ಮರುದಿನ ಸೀನರಿ ಬಿಚ್ಚಿ ಲಾರಿ ಹತ್ತುತ್ತದೆ, ತಂಡ ಚದುರುತ್ತದೆ. ಮೇಷ್ಟ್ರ ಪುಸ್ತಕ ಮಾತ್ರ ಮುಂದಿನ ಊರಿಗೆ ಹೋಗುತ್ತದೆ. ಮುಕ್ತ ಆಟಗಳಲ್ಲಿ ಆ ಪುಸ್ತಕದ ಜಾಗದಲ್ಲಿರುವುದು ಸೋರ್ಸ್ ಕೋಡು, ಚಿತ್ರ, ಸಂಗೀತ, ಅವುಗಳ ಮೇಲಿನ ಪರವಾನಗಿ. ಆ ಪುಸ್ತಕವನ್ನು ಇನ್ನೊಬ್ಬರು ಓದುವ ಹಾಗೆ ಬಿಟ್ಟುಹೋಗುವುದೂ ಆಟ ಕಟ್ಟುವಷ್ಟೇ ದೊಡ್ಡ ಕಸುಬು. ಅದರ ಬಗ್ಗೆ ಮಾತನಾಡುವವರು ಕಡಿಮೆ.

ಇಂಥ ಯೋಜನೆಗಳು ಅರ್ಧದಲ್ಲಿ ನಿಲ್ಲುವುದು ಸಾಮಾನ್ಯ. ಚದುರಂಗದ ಪ್ರೋಗ್ರಾಮನ್ನು ಒಬ್ಬನೇ ಬರೆದು ಮುಗಿಸಬಹುದು. ಆರ್‌ಪಿಜಿಗೆ ಕಥೆ ಬೇಕು, ನೂರಾರು ಸಂಭಾಷಣೆ ಬೇಕು, ಊರು, ಕಾಡು, ಗುಹೆಗಳ ನಕಾಶೆ ಬೇಕು, ಒಂದೊಂದು ಪಾತ್ರವೂ ನಾಲ್ಕು ದಿಕ್ಕಿಗೆ ನಡೆಯುವ ಚಿತ್ರಗಳು ಬೇಕು, ಸಂಗೀತ ಬೇಕು, ಇವೆಲ್ಲವನ್ನೂ ಓಡಿಸುವ ಎಂಜಿನ್ ಬೇಕು. ಚಿತ್ರ ಬರೆಯುತ್ತಿದ್ದ ವಿದ್ಯಾರ್ಥಿಗೆ ಕೆಲಸ ಸಿಗುತ್ತದೆ, ಕಥೆ ಬರೆಯುತ್ತಿದ್ದವಳಿಗೆ ಮಗು ಹುಟ್ಟುತ್ತದೆ, ಎಂಜಿನ್ ಬರೆಯುವವನಿಗೆ ಹಳೆಯದನ್ನು ಒಡೆದು ಹೊಸದಾಗಿ ಬರೆಯುವ ಆಸೆ ಹುಟ್ಟುತ್ತದೆ. ಇವರಲ್ಲಿ ಯಾರದೂ ತಪ್ಪಲ್ಲ. ದುಡಿಮೆಯ ಆಚೆಗಿನ ಹೊತ್ತನ್ನು ವರ್ಷಗಟ್ಟಲೆ ಕೊಡಲು ಎಲ್ಲರಿಂದಲೂ ಆಗುವುದಿಲ್ಲ.

2004ರಲ್ಲಿ ಶುರುವಾದ ‘ಹೀರೋ ಆಫ್ ಅಲ್ಲಾಕ್ರಾಸ್ಟ್’ ಇದಕ್ಕೆ ಒಳ್ಳೆಯ ಉದಾಹರಣೆ. ಹಳೆಯ ಜಪಾನಿ ಆರ್‌ಪಿಜಿಗಳ ಧಾಟಿಯಲ್ಲಿ ಎರಡು ಆಯಾಮದ ದೊಡ್ಡ ಆಟವೊಂದನ್ನು ಕಟ್ಟುವುದು ಆ ತಂಡದ ಕನಸು. ಆಡಿ ನೋಡಬಹುದಾದ ಮಾದರಿಗಳು ಹೊರಬಂದವು. ವರ್ಷಗಳು ಕಳೆದಂತೆ ವೇಗ ತಗ್ಗಿತು, ಅಂದುಕೊಂಡ ಪೂರ್ತಿ ಕಥೆ ಮುಗಿಯಲಿಲ್ಲ. ಆದರೆ ಕೋಡ್ ಜಿಪಿಎಲ್ ಪರವಾನಗಿಯಲ್ಲಿತ್ತು, ಅಂದರೆ ಯಾರು ಬೇಕಾದರೂ ಅದನ್ನು ಬಳಸಿ, ತಿದ್ದಿ, ಅದೇ ಷರತ್ತಿನಲ್ಲಿ ಹಂಚಬಹುದಿತ್ತು. ಹಾಗಾಗಿ ಇನ್ನೊಬ್ಬ ಪ್ರೋಗ್ರಾಮರ್ ಅದೇ ಎಂಜಿನ್ ಎತ್ತಿಕೊಂಡು, ತನ್ನದೇ ಕಥೆ ಹಾಕಿ, ‘ವಲೀರಿಯಾ ಟಿಯರ್’ ಎಂಬ ಆಟ ಕಟ್ಟಿದರು. ಮೂಲ ತಂಡದ ಕಥೆ ಅರ್ಧಕ್ಕೆ ನಿಂತರೂ ಅವರು ಬರೆದ ಯುದ್ಧದ ವ್ಯವಸ್ಥೆ, ನಕಾಶೆಯ ವ್ಯವಸ್ಥೆಗಳು ಬೇರೊಂದು ಆಟದ ಬೆನ್ನೆಲುಬಾದವು.

ಪರವಾನಗಿ ಸರಿಯಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಆಂಗ್‌ಬ್ಯಾಂಡ್ ಎಂಬ ಆಟದ ಕಥೆ ಕೇಳಬೇಕು. 1990ರ ಸುಮಾರಿಗೆ ಇಂಗ್ಲೆಂಡಿನ ವಾರಿಕ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಮೋರಿಯಾ ಎಂಬ ಹಳೆಯ ಆಟದ ಮೇಲೆ ಇದನ್ನು ಕಟ್ಟಿದರು. ಅವರು ಹೋದ ಮೇಲೆ ಆಟ ಒಬ್ಬ ನಿರ್ವಾಹಕನಿಂದ ಇನ್ನೊಬ್ಬನ ಕೈಗೆ ದಾಟುತ್ತ ಬಂತು. ನಡುವೆ ಅದರ ಹೊಣೆ ಹೊತ್ತ ಬೆನ್ ಹ್ಯಾರಿಸನ್ ಕೋಡನ್ನು ಒಪ್ಪ ಓರಣ ಮಾಡಿಟ್ಟದ್ದೇ ತಡ, ಅದರಿಂದ ಹತ್ತಾರು ಕವಲು ಆಟಗಳು ಹುಟ್ಟಿದವು. ಓದಲು ಬರುವ ಹಾಗೆ ಬರೆದಿಟ್ಟ ಕೋಡಿಗೆ ಇರುವ ಶಕ್ತಿ ಇದು.

ಆದರೆ ಮೋರಿಯಾದಿಂದ ಬಂದ ಹಳೆಯ ಷರತ್ತೊಂದು ಉಳಿದುಬಿಟ್ಟಿತ್ತು: ಲಾಭಕ್ಕಾಗಿ ಬಳಸುವಂತಿಲ್ಲ. ಒಳ್ಳೆಯ ಮನಸ್ಸಿನಿಂದ ಬರೆದ ಆ ಒಂದು ಸಾಲಿನಿಂದಾಗಿ ಡೆಬಿಯನ್ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣೆ ವ್ಯವಸ್ಥೆಯ ತಂಡ ಈ ಆಟವನ್ನು ತನ್ನ ಮುಕ್ತ ಸಂಗ್ರಹದ ಹೊರಗಿಟ್ಟಿತು. ಅದನ್ನು ಸರಿಪಡಿಸಲು ಎಷ್ಟೋ ವರ್ಷಗಳ ಹಿಂದೆ ನಾಲ್ಕು ಸಾಲು ಬರೆದು ಮರೆಯಾದವರನ್ನೂ ಹುಡುಕಿ ಒಪ್ಪಿಗೆ ಕೇಳಬೇಕಾಯಿತು. ಒಪ್ಪಿಗೆ ಸಿಗದ ಭಾಗಗಳನ್ನು ಮತ್ತೆ ಬರೆಯುವುದೊಂದೇ ದಾರಿ. 2009ರಲ್ಲಿ ಆಂಗ್‌ಬ್ಯಾಂಡ್ ಜಿಪಿಎಲ್‌ಗೆ ಬಂತು. ಮೊದಲ ದಿನವೇ ಒಂದು ಕಡತದಲ್ಲಿ ಬರೆದಿಡಬಹುದಾಗಿದ್ದ ಮಾತಿಗೆ ಇಷ್ಟು ಅಲೆದಾಟ.

ಕೋಡಿಗಿಂತ ಚಿತ್ರಗಳದ್ದು ಇನ್ನೂ ಸೂಕ್ಷ್ಮ. ಯೋಜನೆ ನಿಂತಾಗ ಮೊದಲು ಅನಾಥವಾಗುವುದು ಅವೇ. ಯಾರು ಬರೆದದ್ದು, ಯಾವ ಷರತ್ತಿನಲ್ಲಿ ಕೊಟ್ಟದ್ದು ಎಂದು ಗುರುತಿಲ್ಲದ ಚಿತ್ರವನ್ನು ಇನ್ನೊಬ್ಬರು ಮುಟ್ಟುವ ಹಾಗಿಲ್ಲ. 2009ರಲ್ಲಿ ಶುರುವಾದ ಓಪನ್‌ಗೇಮ್‌ಆರ್ಟ್ ಎಂಬ ಭಂಡಾರ ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿತು. 2012ರಲ್ಲಿ ಕ್ರಿಯೇಟಿವ್ ಕಾಮನ್ಸ್, ಫ್ರೀ ಸಾಫ್ಟ್‌ವೇರ್ ಫೌಂಡೇಷನ್ ಸಂಸ್ಥೆಗಳ ಜೊತೆ ಸೇರಿ ಅದು ‘ಲಿಬರೇಟೆಡ್ ಪಿಕ್ಸೆಲ್ ಕಪ್’ ಎಂಬ ಸ್ಪರ್ಧೆ ನಡೆಸಿತು. ಮೊದಲು ಒಂದೇ ಶೈಲಿಯ ಚಿತ್ರಗಳು, ಆಮೇಲೆ ಅವನ್ನು ಬಳಸಿ ಆಟಗಳು. ಸ್ಪರ್ಧೆ ಆ ವರ್ಷವೇ ಮುಗಿಯಿತು. ಆ ಚಿತ್ರಗಳಿಗೆ ಹೊಸ ತಲೆಗೂದಲು, ಹೊಸ ಅಂಗಿ, ಹೊಸ ಆಯುಧ ಸೇರಿಸುತ್ತ ಹೋದವರ ಕೆಲಸ ಆಮೇಲೂ ವರ್ಷಗಟ್ಟಲೆ ನಡೆಯಿತು. ಬಳಸುವವರ ಮೇಲಿರುವ ಮುಖ್ಯ ಕರ್ತವ್ಯಗಳು ಎರಡು: ಬರೆದವರ ಹೆಸರು ಹಾಕಬೇಕು, ತಿದ್ದಿದ್ದನ್ನು ಅದೇ ಷರತ್ತಿನಲ್ಲಿ ಹಂಚಬೇಕು.

ಎಲ್ಲ ಸರಿಯಾಗಿ ಮಾಡಿಟ್ಟರೂ ಇಟ್ಟ ಜಾಗವೇ ಮುಚ್ಚಬಹುದು. ಸಾವಿರಾರು ಮುಕ್ತ ಯೋಜನೆಗಳಿಗೆ ಮನೆಯಾಗಿದ್ದ ಜರ್ಮನಿಯ ಬರ್ಲಿಓಎಸ್ 2014ರಲ್ಲಿ ಮುಚ್ಚಿತು. ಗಿಟೋರಿಯಸ್ 2015ರಲ್ಲಿ, ಗೂಗಲ್ ಕೋಡ್ 2016ರ ಆರಂಭದಲ್ಲಿ ನಿಂತವು. ಅದೇ 2016ರಲ್ಲಿ ಫ್ರಾನ್ಸಿನ ಇನ್ರಿಯಾ ಸಂಸ್ಥೆ ಸಾಫ್ಟ್‌ವೇರ್ ಹೆರಿಟೇಜ್ ಎಂಬ ಸಂಗ್ರಹಾಲಯ ತೆರೆಯಿತು. ಮುಚ್ಚಿಹೋದ ಗಿಟೋರಿಯಸ್, ಗೂಗಲ್ ಕೋಡ್‌ಗಳ ಕೋಡ್ ಇಂದು ಅಲ್ಲಿ ಸಿಗುತ್ತದೆ.

ಕನ್ನಡಿಗರಿಗೆ ಇದರಲ್ಲಿ ಏನು? ಬಹಳ ಇದೆ. ಇಂಥ ಹಳೆಯ ಆಟಗಳಲ್ಲಿ ಹೆಚ್ಚಿನವು ಒಂದಕ್ಷರಕ್ಕೆ ಒಂದು ಚಿತ್ರ ಎಂಬ ಲೆಕ್ಕದಲ್ಲಿ ಪಠ್ಯ ಮೂಡಿಸುತ್ತವೆ. ಇಂಗ್ಲಿಷಿಗೆ ಅದು ಸಾಕು. ‘ಶಿಡ್ಲಘಟ್ಟ’ ಎಂದು ಕೊಟ್ಟರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಚೆಲ್ಲಿಬಿಡುತ್ತವೆ. ಅಕ್ಷರಗಳನ್ನು ಕೂಡಿಸುವ ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶವಿದೆ. ಅನೇಕ ಆಟಗಳು ನೆಚ್ಚಿಕೊಂಡಿರುವ ಎಸ್‌ಡಿಎಲ್ ಅಕ್ಷರ ಗ್ರಂಥಾಲಯಕ್ಕೆ ಅದರ ಬೆಂಬಲ ಬಂದದ್ದು 2022ರಲ್ಲಿ. ಅಂದರೆ ಹತ್ತು ವರ್ಷದ ಹಿಂದೆ ನಿಂತ ಆಟಕ್ಕೂ ಈಗ ಕನ್ನಡ ಕಲಿಸಬಹುದು. ಅದರ ಕೋಡ್ ಉಳಿದಿರಬೇಕು, ಮುಟ್ಟಲು ಅನುಮತಿ ಇರಬೇಕು, ಅಷ್ಟೇ. ಕೆ. ಪಿ. ರಾವ್ ತಾವು ರೂಪಿಸಿದ ಕನ್ನಡ ಕೀಲಿಮಣೆ ವಿನ್ಯಾಸವನ್ನು ಹಕ್ಕು ಕಾಯ್ದುಕೊಳ್ಳದೆ ಬಿಟ್ಟುಕೊಟ್ಟರು. ಒಂದು ತಂತ್ರಾಂಶದ ಜೊತೆ ಮುಗಿದುಹೋಗದೆ ಅದು ಇಡೀ ನಾಡಿನ ಬೆರಳುಗಳಿಗೆ ದಾಟಿತು. ಬಿಟ್ಟುಕೊಡುವುದರ ಫಲವನ್ನು ಕನ್ನಡ ಈಗಾಗಲೇ ಉಂಡಿದೆ.

ಶಿಡ್ಲಘಟ್ಟ, ಗೌರಿಬಿದನೂರು, ಚಿಂತಾಮಣಿಯ ಎಷ್ಟೋ ಮಕ್ಕಳು ಚಿಕ್ಕಬಳ್ಳಾಪುರಕ್ಕೋ ಬೆಂಗಳೂರಿಗೋ ಹೋಗಿ ಎಂಜಿನಿಯರಿಂಗ್ ಓದುತ್ತಾರೆ. ಕೊನೆಯ ವರ್ಷದ ಪ್ರಾಜೆಕ್ಟಿಗೆಂದು ಗೆಳೆಯರು ಸೇರಿ ಆಟ ಬರೆಯುವುದುಂಟು. ಅಂಕ ಬಂದ ಮೇಲೆ ಅದು ಪೆನ್‌ಡ್ರೈವ್‌ನಲ್ಲೇ ಉಳಿದುಬಿಡುತ್ತದೆ. ಅವರಲ್ಲಿ ಒಂದು ಕೇಳಿಕೆ. ಆಟ ಮುಗಿಯದಿದ್ದರೂ ಪರವಾಗಿಲ್ಲ, ಕೈಬಿಡುವ ಮುನ್ನ ಒಂದು ಸಂಜೆ ಕೊಡಿ. ಲೈಸೆನ್ಸ್ ಕಡತ ಸೇರಿಸಿ. ಚಿತ್ರ, ಸಂಗೀತ ಯಾರದೆಂದು ಹೆಸರು ಹಿಡಿದು ಬರೆಯಿರಿ. ಯಾವುದು ಓಡುತ್ತದೆ, ಯಾವುದು ಅರ್ಧಕ್ಕೆ ನಿಂತಿದೆ ಎಂದು ಕನ್ನಡದಲ್ಲೇ ಒಂದು ಪುಟ ಬರೆದಿಡಿ. ಆಮೇಲೆ ಎಲ್ಲವನ್ನೂ ಸಾರ್ವಜನಿಕವಾಗಿ ಇಟ್ಟು, ಅದರ ವಿಳಾಸವನ್ನು ಸಾಫ್ಟ್‌ವೇರ್ ಹೆರಿಟೇಜ್‌ಗೆ ಕೊಡಿ. ಅದಕ್ಕೆ ಶುಲ್ಕವಿಲ್ಲ.