ರಿಮೋಟ್ ಬೆಳಕು: ಕೊಟ್ಟಿಗೆಗೆ ಸೈ, ಬೋರಿಗೆ ಬ್ಯಾಡ

ಸುರೇಬಾನ ಸುತ್ತಲಿನ ನಮ್ಮ ಎರಿ ಹೊಲಗಳಲ್ಲಿ ಹಿಂಗಾರಿ ಜೋಳ, ಕಡಲೆ ಒಕ್ಕಲಾದ ಮೇಲೆ ಕಣಿಕೆ, ಹೊಟ್ಟು ಎಲ್ಲ ಕೊಟ್ಟಿಗೆ ಪಕ್ಕಕ್ಕೇ ಬಂದು ಬೀಳುತ್ತದೆ. ಅದರೊಳಗೆ ಇಲಿ, ಇಲಿ ಹಿಂದೆ ಹಾವು. ರಾತ್ರಿ ದನ ಒದರಿದರೆ ಗೋಡೆ ತಡವುತ್ತ ಸ್ವಿಚ್ ಹುಡುಕಬೇಕು. ಅದು ಕೈಗೆ ಸಿಗುವುದರೊಳಗೆ ನಾಲ್ಕು ಹೆಜ್ಜೆ ಕತ್ತಲಲ್ಲಿ ಇಟ್ಟಾಗಿರುತ್ತದೆ. ಹೊಸ್ತಿಲಲ್ಲಿ ನಿಂತೇ ದೀಪ ಹಚ್ಚಲು ಟಿ.ವಿ.ಯ ಹಳೇ ರಿಮೋಟ್ ಸಾಕು. ನಮ್ಮ ಕೊಟ್ಟಿಗೆಯಲ್ಲಿ ಇದು ಎರಡು ವರ್ಷದಿಂದ ನಡೆದೈತಿ.

ಕಾಣದ ಬೆಳಕು

ರಿಮೋಟಿನ ಮೂತಿಯಲ್ಲಿರುವ ಪುಟ್ಟ ಎಲ್‌ಇಡಿ ಸೂಸುವುದು ಇನ್‌ಫ್ರಾರೆಡ್ ಬೆಳಕು. ಪುಸ್ತಕದ ಕನ್ನಡದಲ್ಲಿ ಅವಕೆಂಪು. 1800ರಲ್ಲಿ ವಿಲಿಯಂ ಹರ್ಷೆಲ್ ಎಂಬ ವಿಜ್ಞಾನಿ ಬಿಸಿಲನ್ನು ಗಾಜಿನ ಪಟ್ಟಕದಲ್ಲಿ ಹಾಯಿಸಿ, ಕೆಂಪು ಬಣ್ಣದ ಆಚೆ, ಏನೂ ಕಾಣದ ಜಾಗದಲ್ಲಿ ಥರ್ಮಾಮೀಟರ್ ಇಟ್ಟರು. ಪಾದರಸ ಏರಿತು. ಅದೇ ಈ ಕಿರಣ. ನಮ್ಮ ಕಣ್ಣಿಗೆ ಕಾಣದಿದ್ದರೂ ಮೊಬೈಲ್ ಕ್ಯಾಮೆರಾಕ್ಕೆ ಕಾಣುತ್ತದೆ. ರಿಮೋಟನ್ನು ಕ್ಯಾಮೆರಾದ ಕಡೆ ಹಿಡಿದು ಗುಂಡಿ ಒತ್ತಿದರೆ ಪರದೆಯಲ್ಲಿ ನೇರಳೆ ಚುಕ್ಕಿ ಮಿನುಗುತ್ತದೆ. ಕೆಲವು ಫೋನಿನ ಹಿಂದಿನ ಕ್ಯಾಮೆರಾದಲ್ಲಿ ಕಾಣುವುದಿಲ್ಲ, ಮುಂದಿನದರಲ್ಲಿ ನೋಡಿರಿ. ರಿಮೋಟ್ ಬದುಕಿದೆಯೋ ಇಲ್ಲವೋ ತಿಳಿಯಲು ಇದೇ ಸುಲಭದ ಪರೀಕ್ಷೆ.

ಬಿಸಿಲಿನಲ್ಲೂ ಇದೇ ಕಿರಣ ಇದೆಯಲ್ಲ, ಅದರಿಂದ ದೀಪ ಹತ್ತುವುದಿಲ್ಲವೇ ಎಂದು ಕೇಳಬಹುದು. 1955ರಲ್ಲಿ ಅಮೆರಿಕದ ಜೆನಿತ್ ಕಂಪನಿ ತಂದ ಬೆಳಕಿನ ರಿಮೋಟಿಗೆ ಇದೇ ಕಾಟವಿತ್ತು. ಅದು ಬರೀ ಟಾರ್ಚ್ ಇದ್ದ ಹಾಗೆ. ಟಿ.ವಿ. ಮೇಲೆ ಬಿಸಿಲು ಬಿದ್ದರೆ ಚಾನೆಲ್ ತಾನೇ ಬದಲಾಗುತ್ತಿತ್ತು. ಈಗಿನ ರಿಮೋಟ್ ಸುಮ್ಮನೆ ಉರಿಯುವುದಿಲ್ಲ. ಸೆಕೆಂಡಿಗೆ ಸುಮಾರು 38,000 ಸಲದ ಲೆಕ್ಕದಲ್ಲಿ ಹತ್ತಿ ಆರುತ್ತದೆ. ರಿಸೀವರ್ ಆ ಓಟದ ಮಿನುಗನ್ನಷ್ಟೇ ಗುರುತಿಸಿ, ಉಳಿದ ಬೆಳಕನ್ನು ಬಿಟ್ಟುಬಿಡುತ್ತದೆ. ಸಂತೆ ಗದ್ದಲದಲ್ಲೂ ನಮ್ಮ ಹೆಸರು ಕರೆದರೆ ಕಿವಿ ನಿಮಿರುವುದಿಲ್ಲವೇ, ಹಾಗೆ.

ಜೋಡಣೆ

ರಿಸೀವರ್ ಎಂದರೆ ಮೂರು ಕಾಲಿನ ಕರಿ ಬಿಡಿಭಾಗ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ‘ಟಿಎಸ್‌ಒಪಿ 1738’ ಅಂದರೆ ಅದನ್ನೋ ಅದರ ಬದಲಿಯನ್ನೋ ಕೊಡುತ್ತಾರೆ. ಕೆಟ್ಟ ಸೆಟ್‌ಟಾಪ್ ಬಾಕ್ಸಿನೊಳಗೂ ಇಂಥದೇ ಇರುತ್ತದೆ. ಕಾಲುಗಳ ಕ್ರಮ ಕಂಪನಿಗೊಂದು ತರ, ಕೇಳಿಕೊಂಡೇ ಬೆಸುಗೆ ಹಾಕಿರಿ. 5 ವೋಲ್ಟಿನ ಹಳೇ ಮೊಬೈಲ್ ಚಾರ್ಜರ್ ಇಡೀ ಜೋಡಣೆಗೆ ಕರೆಂಟ್ ಕೊಡುತ್ತದೆ.

ಗುಂಡಿಯನ್ನು ಒಮ್ಮೆ ಒತ್ತಿದರೂ ರಿಮೋಟ್ ಹತ್ತಾರು ಮಿಡಿತ ಕಳಿಸುತ್ತದೆ. ನೇರವಾಗಿ ರಿಲೇಗೆ ಕೊಟ್ಟರೆ ಅದು ಪಟಪಟ ಕುಣಿಯುತ್ತದೆ. ಅದಕ್ಕೆ ನಡುವೆ 555 ಐಸಿ. 100 ಕಿಲೋ ಓಮ್ ರೆಸಿಸ್ಟರ್, 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ ಅಷ್ಟೂ ಮಿಡಿತವನ್ನು ಸುಮಾರು 1.1 ಸೆಕೆಂಡಿನ ಒಂದೇ ಮಿಡಿತ ಮಾಡುತ್ತದೆ. ಗುಂಡಿಯನ್ನು ಅದಕ್ಕಿಂತ ಹೆಚ್ಚು ಹೊತ್ತು ಅದುಮಿ ಹಿಡಿದರೆ ಹತ್ತಿದ ದೀಪ ಮತ್ತೆ ಆರುತ್ತದೆ. ಒತ್ತಿ ಬಿಡಬೇಕು, ಅಷ್ಟೇ.

555ರ ಮಿಡಿತ ಸಿಡಿ 4017 ಎಂಬ ಎಣಿಕೆ ಐಸಿಗೆ ಹೋಗುತ್ತದೆ. ಮೊದಲ ಒತ್ತಿಗೆ ಅದರ 2ನೇ ಕಾಲು ಏಳುತ್ತದೆ. ಎರಡನೇ ಒತ್ತಿಗೆ 4ನೇ ಕಾಲು ಎದ್ದು, 15ನೇ ಕಾಲಿಗೆ ಸುದ್ದಿ ಮುಟ್ಟಿಸಿ ಎಣಿಕೆಯನ್ನು ಸೊನ್ನೆಗೆ ತರುತ್ತದೆ. ಹೀಗೆ ಒಂದೇ ಗುಂಡಿ ಹಚ್ಚುತ್ತದೆ, ಆರಿಸುತ್ತದೆ. 2ನೇ ಕಾಲಿನಿಂದ ಬಿಸಿ 547 ಟ್ರಾನ್ಸಿಸ್ಟರ್, ಅದರಿಂದ ರಿಲೇ. ರಿಲೇ ಸುರುಳಿಗೆ ಅಡ್ಡಲಾಗಿ 1ಎನ್ 4007 ಡಯೋಡ್ ಹಾಕಲೇಬೇಕು, ಗೆರೆ ಇದ್ದ ತುದಿ ಪ್ಲಸ್ ಕಡೆಗೆ. ಇಲ್ಲದಿದ್ದರೆ ರಿಲೇ ಬಿಡುವಾಗಿನ ಹೊಡೆತಕ್ಕೆ ಟ್ರಾನ್ಸಿಸ್ಟರ್ ಹೋಗುತ್ತದೆ.

ಕರೆಂಟ್ ಹೋಗಿ ಬಂದಾಗ ದೀಪ ಆರಿಯೇ ಇರಬೇಕಾದರೆ 15ನೇ ಕಾಲಿಗೆ ಪ್ಲಸ್‌ನಿಂದ 1 ಮೈಕ್ರೋಫ್ಯಾರಡ್ ಕೆಪಾಸಿಟರ್, ಗ್ರೌಂಡಿಗೆ 100 ಕಿಲೋ ಓಮ್ ರೆಸಿಸ್ಟರ್ ಜೋಡಿಸಿ, 4ನೇ ಕಾಲಿನ ತಂತಿಯನ್ನು ಸಣ್ಣ ಡಯೋಡಿನ ಮೂಲಕ ತರಬೇಕು.

ಕೂಡ್ರಿಸುವಾಗ

ಮೊದಲು ಮೇಜಿನ ಮೇಲೆ 5 ವೋಲ್ಟಿನಲ್ಲೇ ರಿಲೇ ಟಿಕ್ ಅನ್ನುವುದನ್ನು ನೋಡಿಕೊಳ್ಳಿರಿ. 230 ವೋಲ್ಟಿನ ಕೆಲಸ ಬಲ್ಲ ವೈರ್‌ಮನ್ ಮಾಡಲಿ. ರಿಲೇ ಫೇಸ್ ತಂತಿಯಲ್ಲೇ ಬರಬೇಕು. ಎಲ್ಲವನ್ನೂ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ, ದನದ ಬಾಯಿ, ಗಂಜಲದ ಹಸಿ ತಾಗದಷ್ಟು ಎತ್ತರಕ್ಕೆ ಹಾಕಿರಿ. ಹಳೇ ಸ್ವಿಚ್ ತೆಗೆಯಬ್ಯಾಡ್ರಿ. ರಿಮೋಟ್ ಕೈಕೊಟ್ಟ ದಿನ ಅದೇ ಗತಿ.

ರಿಸೀವರಿನ ಮುಖ ಬಾಗಿಲ ಕಡೆ ಇರಲಿ. ನೇರ ಬಿಸಿಲು ಬಿದ್ದರೆ ದೂರ ಕಡಿಮೆಯಾಗುತ್ತದೆ, ಆದ್ದರಿಂದ ಸೂರಿನ ಕೆಳಗೆ, ಗೇಣುದ್ದದ ಪೈಪಿನ ತುಂಡಿನೊಳಗೆ ಕೂಡ್ರಿಸಿದ್ದೇವೆ. ನಮ್ಮಲ್ಲಿ ಎಂಟ್ಹತ್ತು ಹೆಜ್ಜೆಯಿಂದ ತಪ್ಪದೆ ಹತ್ತುತ್ತದೆ. ಹೊಟ್ಟಿನ ಧೂಳು, ಜೇಡರ ಬಲೆ ಕಟ್ಟಿದರೆ ಕಣ್ಣು ಮಂಜಾದ ಹಾಗೆ. ವಾರಕ್ಕೊಮ್ಮೆ ಒಣ ಅರಿವೆಯಿಂದ ಒರೆಸಬೇಕು.

ಬೋರಿಗೆ ಯಾಕೆ ಬ್ಯಾಡ?

ದೀಪ ಹತ್ತಿದ್ದು ನೋಡಿದ ಮೇಲೆ ಎಲ್ಲರ ಮುಂದಿನ ಪ್ರಶ್ನೆ: ಬೋರಿನ ಮೋಟಾರಿಗೂ ಇದನ್ನೇ ಹಾಕೋಣವೇ? ಬ್ಯಾಡ್ರಿ. ಒಂದು, ಈ ಕಿರಣ ಗೋಡೆ ದಾಟುವುದಿಲ್ಲ, ಹೊಲದಷ್ಟು ದೂರ ಮುಟ್ಟುವುದಿಲ್ಲ. ಎರಡು, ಮೇಲಿನ ಜೋಡಣೆ ಯಾವ ಗುಂಡಿ ಒತ್ತಿದರು ಎಂದು ಓದುವುದೇ ಇಲ್ಲ. ಯಾವ ರಿಮೋಟಿನ ಯಾವ ಗುಂಡಿಗೂ ಓಗೊಡುತ್ತದೆ. ಮೂರು, ಮೋಟಾರ್ ನಡೆಯಿತೇ, ನೀರು ಬಂತೇ, ಒಂದು ಫೇಸ್ ಹೋಯಿತೇ ಎಂದು ತಿರುಗಿ ಹೇಳುವುದಿಲ್ಲ. ಒಣ ಓಡಿದ ಅಥವಾ ಎರಡೇ ಫೇಸಿನಲ್ಲಿ ಓಡಿದ ಮೋಟಾರ್ ಸುಟ್ಟರೆ ಒಣಬೇಸಾಯದವನ ಒಂದು ಹಂಗಾಮಿನ ದುಡಿಮೆ ಹೋದಂತೆ. ಆ ಕೆಲಸಕ್ಕೆ ಮೊಬೈಲ್ ಸಂಪರ್ಕದ ಸ್ಟಾರ್ಟರ್‌ಗಳೇ ಬೇರೆ ಇವೆ. ಪುಣೆಯ ಸಂತೋಷ್ ಓಸ್ತ್ವಾಲ್ ಅವರ ‘ನ್ಯಾನೋ ಗಣೇಶ್’ ಅಂಥದೊಂದು.

ಮೇವು ಕತ್ತರಿಸುವ ಯಂತ್ರಕ್ಕಂತೂ ರಿಮೋಟ್ ಕೂಡದು. ಒಬ್ಬರ ಕೈ ಅಲಗಿನ ಹತ್ತಿರ, ರಿಮೋಟ್ ಮಕ್ಕಳ ಕೈಯಲ್ಲಿ ಇದ್ದರೆ ಏನಾದೀತೆಂದು ಬಿಡಿಸಿ ಹೇಳಬೇಕಿಲ್ಲ. ತಪ್ಪಿ ಹತ್ತಿದರೂ ಯಾರಿಗೂ ಕೇಡಾಗದ ವಸ್ತುವಿಗೆ ಮಾತ್ರ ಈ ರಿಮೋಟ್. ದೀಪ ಅಂಥದು.

ಬಿಡಿಭಾಗಕ್ಕೆ ಇನ್ನೂರು-ಮುನ್ನೂರು ರೂಪಾಯಿ ಸಾಕು. ಹೈಸ್ಕೂಲು, ಐಟಿಐ ಓದುವ ಮಕ್ಕಳಿದ್ದರೆ ಅವರ ಕೈಯಲ್ಲೇ ಮಾಡಿಸಿರಿ. ಗುಂಡಿಗುಂಡಿಗೆ ಬೇರೆ ಸಂಕೇತ ಓದುವ ಜೋಡಣೆಯನ್ನು ಯಾರಾದರೂ ಕೃಷಿಕರು ಮಾಡಿದ್ದರೆ ಪತ್ರಿಕೆಗೆ ಬರೆಯಲಿ.