ಎಲ್ಲಿಟ್ಟಿದ್ರಿ ಗಾಡೀನ?

ಹಳೇ ಜಾವಾ ಬೈಕಿನ ಫೋಟೊ ಮೊಬೈಲಿನಲ್ಲಿ ಹಿಡಿದುಕೊಂಡು ಮನೆ ಬಾಗಿಲಿಗೆ ಬರುವವರನ್ನು ನಾನು ಮೊದಲು ಕೇಳುವುದು ಮಾಡೆಲ್ ಯಾವುದು ಅಂತಲ್ಲ, ಎಲ್ಲಿಟ್ಟಿದ್ರಿ ಅಂತ. ನಮ್ಮ ಕೃಷ್ಣರಾಜನಗರ ಗದ್ದೆ ಸೀಮೆ. ಪಕ್ಕದಲ್ಲೇ ಕಾವೇರಿ, ಊರೂರಿಗೂ ನಾಲೆ. ಇಂಥ ತೇವದ ನೆಲದಲ್ಲಿ ಮೂವತ್ತು ವರ್ಷ ನಿಂತ ಕಬ್ಬಿಣದ ಗತಿ ಏನಾಗಿದೆ ಅನ್ನುವುದನ್ನು ಅದು ನಿಂತ ಜಾಗವೇ ಅರ್ಧ ಹೇಳಿಬಿಡುತ್ತದೆ.

ದನದ ಕೊಟ್ಟಿಗೆ ಅಂದರೆ ಆಸೆ ಕಡಿಮೆ. ಗಂಜಲದ ಉಪ್ಪು ತಗಡನ್ನು ತಿನ್ನುತ್ತಲೇ ಇರುತ್ತದೆ. ಗೊಬ್ಬರದ ಮೂಟೆ ಪಕ್ಕ ಅಂದರೆ ಅದಕ್ಕಿಂತ ಕಷ್ಟ. ಪೊಟ್ಯಾಷ್ ಅಂತ ನಾವು ಗದ್ದೆಗೆ ಎರಚುವುದು ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ದಾಯಾದಿ. ಅದು ತೇವದ ಜೊತೆ ಸೇರಿ ಕಬ್ಬಿಣದ ಮೇಲೆ ಕೂತರೆ ಗಾಡಿಯನ್ನು ಕಡಲ ದಂಡೆಯಲ್ಲಿ ನಿಲ್ಲಿಸಿದ ಹಾಗೆಯೇ. ಅಡುಗೆಮನೆಯ ಅಟ್ಟ ಅಂದರೆ ಮಾತ್ರ ನಾನು ಆ ದಿನವೇ ಹೊರಡುತ್ತೇನೆ. ಕೆಳಗೆ ಸೌದೆ ಒಲೆಯ ಶಾಖ, ಮೇಲೆ ಹೊಗೆಯ ಜಿಡ್ಡು. ನೋಡಲು ಕರ್ರಗೆ ವಿಕಾರವಾಗಿ ಕಂಡರೂ ಆ ಮಸಿಯ ಕೆಳಗಿನ ಲೋಹ ಬೆಚ್ಚಗೆ, ಒಣಗಿ, ಉಳಿದುಕೊಂಡಿರುತ್ತದೆ.

ಸಾಲಿಗ್ರಾಮದ ಆಚೆ ಒಂದು ಹಳ್ಳಿಯಿಂದ ಬಂದಿದ್ದ ಹುಡುಗ ಹೇಳಿದ್ದು ಅದನ್ನೇ. "ನಮ್ಮಪ್ಪಂದು ಗಾಡಿ ಮೇಷ್ಟ್ರೇ. ಅಟ್ಟದ ಮ್ಯಾಲೆ ಬರೀ ಫ್ರೇಮು, ಟ್ಯಾಂಕು ಅವೆ. ಎಂಜಿನ್ನು ಬಿಚ್ಚಿ ಚೀಲಕ್ಕೆ ಆಕವ್ರೆ. ಗುಜರಿಗೆ ಆಕ್ಬುಡ್ಲಾ, ರೆಡಿ ಮಾಡಿಸ್ಲಾ?"

ಐಟಿಐಯಲ್ಲಿ ವೆಲ್ಡಿಂಗ್ ಕಲಿಸಿ ನಿವೃತ್ತನಾದವನು ನಾನು. ಬಿಚ್ಚಿಹಾಕಿದ ಗಾಡಿಯ ಮುಂದೆ ಈ ಪ್ರಶ್ನೆ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಆದರೂ ಪ್ರತಿ ಸಲ ಎದೆ ಹೊಡೆದುಕೊಳ್ಳುತ್ತದೆ. ಯಾಕೆಂದರೆ ಇದು ನಮ್ಮದೇ ಜಿಲ್ಲೆಯ ಗಾಡಿ. ಜೆಕೊಸ್ಲೊವಾಕಿಯದ ಜಾವಾ ಕಂಪನಿಯ ಸಹಯೋಗದಲ್ಲಿ ಐಡಿಯಲ್ ಜಾವಾ ಮೈಸೂರಿನ ಯಾದವಗಿರಿಯಲ್ಲಿ 1961ರಲ್ಲಿ ಶುರುವಾಯಿತು. ಕಟ್ಟಿದವರು ಮುಂಬಯಿಯ ಇರಾನಿ ಕುಟುಂಬದವರು. ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. 1973ರಿಂದ ಟ್ಯಾಂಕಿನ ಮೇಲೆ ಜಾವಾ ಹೋಗಿ ಯೆಜ್ಡಿ ಬಂತು. 1985ರಲ್ಲಿ ಹೀರೊ ಹೊಂಡಾ ಸಿಡಿ 100 ಬಂದು ಮೈಲೇಜಿನ ಲೆಕ್ಕವನ್ನೇ ಬದಲಿಸಿದ ಮೇಲೆ ಎಣ್ಣೆ ಬೆರೆಸಿದ ಪೆಟ್ರೋಲು ಕುಡಿಯುವ ಗಾಡಿಗೆ ಕಷ್ಟದ ದಿನಗಳು ಬಂದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಬೇರೆ ಕಂಪನಿಯವರು ಜಾವಾ ಹೆಸರನ್ನು ಮತ್ತೆ ರಸ್ತೆಗೆ ತಂದರು, ಆದರೆ ಅದು ಬೇರೆಯದೇ ಯಂತ್ರ. ಮೈಸೂರಿನಲ್ಲಿ ತಯಾರಾದ ಹಳೆಯ ಫ್ರೇಮು ಇನ್ನೊಂದು ಹುಟ್ಟುವುದಿಲ್ಲ. ನನ್ನ ತೀರ್ಮಾನಗಳೆಲ್ಲ ಇಲ್ಲಿಂದಲೇ ಹೊರಡುವುದು: ಏನು ಕಳೆದುಹೋಗಿದೆ ಅನ್ನುವುದಕ್ಕಿಂತ ಏನು ಉಳಿದಿದೆ ಅನ್ನುವುದನ್ನು ನೋಡಬೇಕು.

ಇದನ್ನು ನಾನು ದುಡ್ಡು ಕಳೆದುಕೊಂಡು ಕಲಿತೆ. ಕಾರ್ಖಾನೆ ಮುಚ್ಚಿ ಎರಡು ವರ್ಷಕ್ಕೆ ಒಂದು ಗಾಡಿ ಕೊಂಡೆ. ಟ್ಯಾಂಕಿನ ಕ್ರೋಮ್ ಕನ್ನಡಿಯಂತಿತ್ತು, ಜೋಡಿ ಸೈಲೆನ್ಸರುಗಳು ಡೊಂಕಿಲ್ಲದೆ ಹೊಳೆಯುತ್ತಿದ್ದವು. ಹೊಳಪಿಗೆ ಸೋತೆ. ಬಣ್ಣ ಕೆರೆಸಿದಾಗ ಹ್ಯಾಂಡಲ್ ಕುತ್ತಿಗೆಯ ಕೆಳಗೆ ಯಾರೋ ಕುಯ್ದು ಮತ್ತೆ ಬೆಸೆದ ಗೆರೆ ಕಂಡಿತು. ಯಾವುದೋ ಲಾರಿಗೋ ಮರಕ್ಕೋ ಗುದ್ದಿದ ಗಾಡಿ. ನನ್ನ ಕೈಯಲ್ಲೇ ಬೆಸೆಯುವ ವಿದ್ಯೆ ಇತ್ತು, ಮೂರು ವರ್ಷ ಒದ್ದಾಡಿದೆ. ಕೈ ಬಿಟ್ಟರೆ ಎಡಕ್ಕೆ ಎಳೆಯುವುದನ್ನು ಅದು ಬಿಡಲೇ ಇಲ್ಲ. ಹಿಂದೆ ಹೆಂಡತಿಯನ್ನು ಕೂರಿಸಿಕೊಂಡು ಅದರಲ್ಲಿ ಚುಂಚನಕಟ್ಟೆಗೆ ಹೋಗುವ ಧೈರ್ಯ ನನಗೆ ಬರಲಿಲ್ಲ. ಕೊನೆಗೆ ಬಿಡಿಭಾಗಗಳಾಗಿ ಹಂಚಿದೆ.

ಆದ್ದರಿಂದ ಈಗ ನನ್ನ ಜೋಳಿಗೆಯಲ್ಲಿ ಪಾಲಿಷ್ ಬಟ್ಟೆ ಇರುವುದಿಲ್ಲ. ಒಂದು ಸಣ್ಣ ಸುತ್ತಿಗೆ, ಚೂಪು ಮಾಡಿದ ಹಳೇ ಸ್ಕ್ರೂಡ್ರೈವರು, ಸ್ಪೀಕರಿನಿಂದ ಕಿತ್ತ ಆಯಸ್ಕಾಂತ, ಗಾರೆ ಕೆಲಸದವರ ನೂಲುದಾರ, ತಂತಿ ಬ್ರಷ್ಷು, ಸೀಮೆಸುಣ್ಣ.

ಹುಡುಗನ ಮನೆಯಲ್ಲಿ ಫ್ರೇಮನ್ನು ಅಟ್ಟದಿಂದ ಹಗ್ಗ ಕಟ್ಟಿ ಇಳಿಸಿದರು. ತೊಲೆಗೆ ನೇತುಹಾಕಿಸಿದೆ. ನೆಲದ ಮೇಲಿಟ್ಟು ಬಡಿದರೆ ದನಿ ಸತ್ತುಹೋಗುತ್ತದೆ. ಹಳೇ ಜಾವಾದ ಫ್ರೇಮು ಚೌಕ ಕೊಳವೆಯದು. ಮೇಲಿಂದ ಕೆಳಗೆ ಸುತ್ತಿಗೆಯಲ್ಲಿ ಮೆಲ್ಲಗೆ ಕುಟ್ಟುತ್ತಾ ಬರಬೇಕು. ಗಟ್ಟಿ ಲೋಹ ದೇವಸ್ಥಾನದ ಸಣ್ಣ ಗಂಟೆಯ ಹಾಗೆ ಉತ್ತರ ಕೊಡುತ್ತದೆ, ಒಳಗಿಂದ ತಿಂದುಹೋದದ್ದು ಒಡಕು ಮಡಕೆಯ ಹಾಗೆ. ಹೊರಗಿನ ತುಕ್ಕಿಗೆ ಹೆದರಬೇಕಾಗಿಲ್ಲ, ಬ್ರಷ್ಷಿಗೆ ಹೋಗುತ್ತದೆ. ಹೆದರಬೇಕಾದ್ದು ಕೊಳವೆಯೊಳಗೆ ನೀರು ಇಳಿದು ನಿಲ್ಲುವ ಕಡೆ, ಎಂಜಿನ್ ಕೂರುವ ತೊಟ್ಟಿಲಿನ ತಳದಲ್ಲಿ, ಸ್ಟ್ಯಾಂಡಿನ ಬುಡದಲ್ಲಿ, ಹಿಂದಿನ ಫೋರ್ಕು ತಿರುಗುವ ಗೂಟದ ಸುತ್ತ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಎಷ್ಟೋ ಪಟ್ಟು ಹೆಚ್ಚು ಜಾಗ ಬೇಡುತ್ತದೆ. ಎರಡು ತಗಡು ಕೂಡುವ ಅಂಚು ಹಪ್ಪಳದಂತೆ ಉಬ್ಬಿದ್ದರೆ ಒಳಗೆ ಕೆಲಸ ನಡೆದಿದೆ ಅಂತಲೇ ತಿಳಿಯಬೇಕು. ಅಲ್ಲಿ ಸ್ಕ್ರೂಡ್ರೈವರನ್ನು ಬಲವಾಗಿ ಒತ್ತುತ್ತೇನೆ. ಗಾಡಿ ಮಾರುವವರಿಗೆ ಇದು ಹಿಡಿಸುವುದಿಲ್ಲ. ಒತ್ತಲು ಬಿಡದವರ ಗಾಡಿ ನನಗೂ ಬೇಡ.

ಮಡ್‌ಗಾರ್ಡ್ ಮೇಲೆ ಆಯಸ್ಕಾಂತ ಆಡಿಸಿದೆ. ಅಂಟಿಕೊಂಡು ಬರುತ್ತಿದ್ದದ್ದು ಒಂದು ಕಡೆ ಜಾರಿಬಿತ್ತು. ಅಲ್ಲಿ ಪುಟ್ಟಿ, ತಗಡಿಲ್ಲ. ಅದೇನೂ ದೊಡ್ಡ ದೋಷವಲ್ಲ, ಒಳ್ಳೇ ಟಿಂಕರ್ ಎರಡು ದಿನದಲ್ಲಿ ಸರಿಮಾಡುತ್ತಾನೆ.

ನೂಲು ಹಿಡಿಯುವುದೇ ಮುಖ್ಯ. ದಾರದ ನಡುವನ್ನು ಕುತ್ತಿಗೆಗೆ ಸುತ್ತಿ, ಎರಡು ತುದಿಯನ್ನು ಎರಡು ಬದಿಯಿಂದ ಹಿಂದಿನ ಚಕ್ರದ ಅಚ್ಚು ಕೂರುವ ಕಡೆಗೆ ಬಿಗಿಯಾಗಿ ಎಳೆಯಬೇಕು. ಸೀಟಿನ ಕೆಳಗಿನ ಕೊಳವೆಗೂ ದಾರಕ್ಕೂ ನಡುವಿನ ಅಂತರ ಎರಡು ಬದಿಯಲ್ಲೂ ಒಂದೇ ಇರಬೇಕು. ಕುತ್ತಿಗೆಯ ಕೆಳಕೊಳವೆಯನ್ನು ಕಣ್ಣು ಮುಚ್ಚಿ ಹೆಬ್ಬೆರಳಿನಲ್ಲಿ ಸವರಬೇಕು. ಗುದ್ದಿದ ಗಾಡಿಯಾದರೆ ಅಲ್ಲಿ ಸೀರೆ ನೆರಿಗೆಯಂಥ ಸಣ್ಣ ಅಲೆ ಸಿಗುತ್ತದೆ, ಕಣ್ಣಿಗೆ ಕಾಣದ್ದು ಬೆರಳಿಗೆ ಸಿಗುತ್ತದೆ. ಇಲ್ಲಿ ಅಲೆ ಇರಲಿಲ್ಲ. ಎರಡು ಬದಿಯ ಅಂತರವೂ ಒಂದೇ ಬಂತು. ಹುಡುಗ ನನ್ನ ಮುಖವನ್ನೇ ನೋಡುತ್ತಿದ್ದ, ನಾನು ಏನೂ ಹೇಳಲಿಲ್ಲ.

ಚೀಲ ಸುರಿಸಿದೆ. ಜಾವಾದ ಎಂಜಿನ್ನು 65 ಮಿಲಿಮೀಟರ್ ಅಗಲದ ಒಂದೇ ಸಿಲಿಂಡರಿನದು, ಸುಮಾರು 250 ಸಿಸಿ. ಟೂ ಸ್ಟ್ರೋಕಿನಲ್ಲಿ ಪೆಟ್ರೋಲು ಗಾಳಿಯ ಮಿಶ್ರಣ ನೇರ ಸಿಲಿಂಡರಿಗೆ ಹೋಗುವುದಿಲ್ಲ. ಮೊದಲು ಕೆಳಗೆ ಕ್ರ್ಯಾಂಕ್ ಕೇಸಿನೊಳಗೆ ಬಂದು, ಪಿಸ್ಟನ್ನಿನ ಒತ್ತಡಕ್ಕೆ ಸಿಕ್ಕಿ, ಆಮೇಲೆ ಮೇಲೇರಬೇಕು. ಆ ಕೇಸು ಕೊಳಲಿನ ಹಾಗೆ ಗಾಳಿ ಹಿಡಿಯಬೇಕು. ಒಂದೆಡೆ ಸೋರಿದರೂ ಗಾಡಿ ಬಿಸಿಯಾಗಿ ಜಾಮಾಗುತ್ತದೆ. ಕೇಸಿನ ಎರಡು ಹೋಳನ್ನು ಕಾರ್ಖಾನೆಯಲ್ಲಿ ಜೋಡಿಯಾಗಿಯೇ ಕೊರೆದಿರುತ್ತಾರೆ, ಅವು ಗಂಡಹೆಂಡಿರ ಹಾಗೆ. ಈ ಚೀಲದ ಎರಡು ಹೋಳನ್ನು ಸೇರಿಸಿ ಅಂಚಿಗೆ ಬೆರಳಾಡಿಸಿದರೆ ಸಣ್ಣ ಮೆಟ್ಟಿಲು ಸಿಕ್ಕಿತು. ಒಂದು ಬೇರೆ ಗಾಡಿಯದು. ಸಿಲಿಂಡರನ್ನು ಎಷ್ಟೋ ಸಲ ಬೋರ್ ಮಾಡಿಸಿ ಗೋಡೆ ತೆಳ್ಳಗಾಗಿತ್ತು. ಕಿಕ್ಕರ್ ಮಾತ್ರ ಸೊಗಸಾಗಿತ್ತು. ಒದ್ದು ಸ್ಟಾರ್ಟ್ ಮಾಡಿ, ಮುಂದಕ್ಕೆ ತಿರುಗಿಸಿದರೆ ಅದೇ ಗೇರ್ ಲಿವರ್. ಈ ಗಾಡಿಯ ಗುರುತೇ ಅದು.

ಟ್ಯಾಂಕು ನೋಡಿ ಒಂದು ಮಾತು ಜೋರಾಗಿಯೇ ಹೇಳಿದೆ. ತಳದಲ್ಲಿ ತೂತಿತ್ತು. ಹುಡುಗ, "ಊರಲ್ಲೇ ಒಬ್ರು ಬೆಸಿತಾರೆ ಮೇಷ್ಟ್ರೇ" ಅಂದ. ವರ್ಷಗಟ್ಟಲೆ ಖಾಲಿ ಇದ್ದ ಟ್ಯಾಂಕಿನಲ್ಲೂ ಜಿಡ್ಡಿನೊಳಗೆ ಪೆಟ್ರೋಲಿನ ಆವಿ ಉಳಿದಿರುತ್ತದೆ, ಕಿಡಿ ತಾಗಿದರೆ ಬಾಂಬು. ಚೆನ್ನಾಗಿ ತೊಳೆದು, ಬೆಸೆಯುವ ಜಾಗವೊಂದನ್ನು ಬಿಟ್ಟು ಪೂರ್ತಿ ನೀರು ತುಂಬಿಸಿ, ಗಾಳಿ ಹೋಗಲು ಮುಚ್ಚಳ ತೆಗೆದಿಟ್ಟು, ತಿಳಿದವರು ಮಾತ್ರ ಕೈಹಾಕಬೇಕು. ನನ್ನ ಶಿಷ್ಯರಿಗೆ ಮೊದಲ ವಾರವೇ ಇದನ್ನು ಹೇಳುತ್ತಿದ್ದೆ.

ಫ್ರೇಮಿಗೇ ಯಾಕಿಷ್ಟು ಬೆಲೆ ಅನ್ನಲು ಒಂದು ಹೋಲಿಕೆ: ಇಂಗ್ಲೆಂಡಿನ ಎಂಜಿಬಿ ಅನ್ನುವ ಸ್ಪೋರ್ಟ್ಸ್ ಕಾರಿಗೆ ಬೇರೆ ಚಾಸಿ ಇಲ್ಲ, ದೇಹವೇ ಬೆನ್ನೆಲುಬು. ಬಾಗಿಲ ಕೆಳಗಿನ ಹೊಸ್ತಿಲಂಥ ಪೆಟ್ಟಿಗೆ ತುಕ್ಕು ಹಿಡಿದರೆ ಕಾರು ನಡುವೆ ಕುಸಿಯುತ್ತದೆ. ಆದರೆ ಅಲ್ಲಿ 1988ರಿಂದ ಹೊಸ ದೇಹವನ್ನೇ ಹಳೇ ಅಚ್ಚಿನಲ್ಲಿ ಒತ್ತಿ ಮಾರುತ್ತಿದ್ದಾರೆ. ನಮಗೆ ಆ ಅನುಕೂಲವಿಲ್ಲ. ಪಿಸ್ಟನ್ನು, ರಬ್ಬರು, ಕೇಬಲ್ಲು, ಸೈಲೆನ್ಸರು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಶಿವಾಜಿನಗರದ ಗುಜರಿಯಲ್ಲೋ ಹುಡುಕಿದರೆ ಸಿಕ್ಕಾವು. ಫ್ರೇಮು ಮತ್ತು ಅದರ ಮೇಲೆ ಕಾರ್ಖಾನೆಯಲ್ಲಿ ಒತ್ತಿದ ನಂಬರು ಮಾತ್ರ ಎಲ್ಲೂ ಸಿಗುವುದಿಲ್ಲ.

ಅದಕ್ಕೇ ನಂಬರಿನ ವಿಷಯದಲ್ಲಿ ನಾನು ಕಠಿಣ. ಕೇಂದ್ರ ಸರಕಾರ 2021ರ ಜುಲೈನಲ್ಲಿ ತಂದ ನಿಯಮದಲ್ಲಿ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ದೇಹ, ಎಂಜಿನ್ ಮೂಲರೂಪದಲ್ಲೇ ಇರುವ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ. ಹೊಸದಾಗಿ ಮಾಡಿಸಲು 20,000 ರೂಪಾಯಿ, ಹತ್ತು ವರ್ಷದ ಮೇಲೆ ನವೀಕರಣಕ್ಕೆ 5,000. ಹಾಗೆ ನೋಂದಾಯಿಸಿದ್ದನ್ನು ದಿನಬಳಕೆಗೆ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿಗಷ್ಟೆ. ಮೈಸೂರಿನ ಜಾವಾ ಹೆಸರಿನ ಬಹುತೇಕ ಗಾಡಿಗಳು ಈಗ ಆ ವಯಸ್ಸು ದಾಟಿವೆ. ಇನ್ನು ಅಪ್ಪ ತೀರಿಕೊಂಡಿದ್ದು ಗಾಡಿ ಅವರ ಹೆಸರಲ್ಲೇ ಇದ್ದರೆ ವಾರಸುದಾರರು ಫಾರಂ 31 ತುಂಬಬೇಕು. ನಮ್ಮ ಕಡೆಯವರಿಗೆ ಅದು ಹುಣಸೂರಿನ ಆರ್‌ಟಿಓ, ಕೆಎ 45. ಆರ್‌ಸಿ ಪುಸ್ತಕವಿಲ್ಲದ, ನಂಬರು ಉಜ್ಜಿದ ಫ್ರೇಮು ಎಷ್ಟೇ ಗಟ್ಟಿಯಿದ್ದರೂ ಮುಟ್ಟಬೇಡಿ ಅನ್ನುತ್ತೇನೆ. ಅದು ಯಾರ ಮನೆಯಿಂದ ಕಳುವಾಗಿತ್ತೋ.

ಆರ್‌ಸಿ ಇದೆಯೇ ಅಂತ ಕೇಳಿದೆ. ಹುಡುಗ ಮುಖ ತಗ್ಗಿಸಿದ. ಅವನ ತಾಯಿ, ಅಷ್ಟು ಹೊತ್ತೂ ಬಾಗಿಲ ಬಳಿ ನಿಂತಿದ್ದವರು, ಒಳಗೆ ಹೋಗಿ ಟ್ರಂಕು ತೆರೆದ ಸದ್ದಾಯಿತು. ಜಮೀನಿನ ಪಹಣಿಗಳ ನಡುವೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ಪುಸ್ತಕ. ನಾನು ಕುತ್ತಿಗೆಯ ಮಸಿಯನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಬ್ರಷ್ಷಾಡಿಸಿ, ಸೀಮೆಸುಣ್ಣ ತಿಕ್ಕಿದೆ. ಆ ತಾಯಿ ಒಂದೊಂದೇ ಅಂಕಿ ಓದಿದರು, ನಾನು ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟೆ. ಕೊನೆಯದೂ ಕೂಡಿತು.

"ಫ್ರೇಮು ಉಳಿಸ್ಕೊಳ್ಳಿ," ಅಂದೆ. "ಟ್ಯಾಂಕು ಬೇರೆ ಹುಡುಕ್ಬೇಕು. ಎಂಜಿನ್ ಕೇಸಿನ ನಂಬರಿರೋ ಹೋಳು ನಿಮ್ದೇ, ಅದಕ್ಕೆ ಜೊತೆ ಸಿಗೋವರ್ಗೂ ಬಣ್ಣಕ್ಕೆ ಒಂದ್ರೂಪಾಯಿ ಹಾಕ್ಬೇಡಿ. ಬೇಗ ಆಗೋ ಕೆಲ್ಸ ಅಲ್ಲ. ಎರಡು ವರ್ಷ ಇಟ್ಕೊಳ್ಳಿ."

"ಅಲ್ಲೀಗಂಟ ಎಲ್ಲಿ ಮಡಗನ ಮೇಷ್ಟ್ರೇ?" ಅಂದರು ಆ ತಾಯಿ.

ನಾನು ಅಟ್ಟ ತೋರಿಸಿದೆ. ಹುಡುಗ ಮತ್ತೆ ಹಗ್ಗ ತಂದ.